ಬೆಳ್ಳಂದೂರು ಕೆರೆಯ ಹಾರುವ ದೋಣಿಗಳು

ಬೆಂಗಳೂರಿಗೆ ಸಮುದ್ರವಿಲ್ಲ, ದೊಡ್ಡ ನದಿಯೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲಿನಲ್ಲಿ, ಕೆರೆಕುಂಟೆಗಳನ್ನೇ ನಂಬಿ ಬೆಳೆದ ಊರು ಇದು. ಇಂತಹ ಊರಿಗೆ, ಕಡಲಿನ ಮೇಲೆ ಕಾವಲು ತಿರುಗುವ ಭಾರಿ ದೋಣಿಗಳು ದುರಸ್ತಿಗಾಗಿ ಬರುತ್ತಿದ್ದುವೆಂದು ಹೇಳಿದರೆ ನಮ್ಮ ವಾಚಕರಲ್ಲಿ ಅನೇಕರು ಇದು ವಿನೋದವಿರಬೇಕೆಂದು ಎಣಿಸಿಯಾರು. ಆದರೂ ಇದು ನಡೆದ ಸಂಗತಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ಯಾಟಲಿನಾ ಎಂಬ ಹೆಸರಿನ ಹಾರುವ ದೋಣಿಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಬಂದಿಳಿಯುತ್ತಿದ್ದುವು. ಪಕ್ಕದ ವಿಮಾನ ಕಾರ್ಖಾನೆಯಲ್ಲಿ ದುರಸ್ತಿಯಾಗಿ, ಅದೇ ಕೆರೆಯಿಂದ ಮತ್ತೆ ಮೇಲಕ್ಕೇಳುತ್ತಿದ್ದುವು.

ಆಕಾಶದಿಂದ ನೀರಿಗೆ ಇಳಿಯುವುದು ಅಷ್ಟು ದೊಡ್ಡ ಮಾತಲ್ಲ. ನೀರಿನಿಂದ ಏಳುವುದೇ ಕಷ್ಟ. ಹಲವಾರು ಟನ್ ತೂಕದ ದೋಣಿಯೊಂದು ನೀರಿನ ಹಿಡಿತವನ್ನು ಬಿಡಿಸಿಕೊಂಡು, ಅದರ ಮೇಲೆ ಜಾರಿ, ಕಡೆಗೆ ಅದನ್ನು ತೊರೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಬೇಕೆಂದಿದ್ದೇವೆ. ವಿಷಯವು ಯಂತ್ರಶಾಸ್ತ್ರಕ್ಕೆ ಸೇರಿದ್ದಾದರೂ, ಅದನ್ನು ತಿಳಿಯಲು ಬೇಕಾದ ಅನುಭವವೆಲ್ಲವೂ ನಮ್ಮ ಕೆರೆಯ ದಂಡೆಯಲ್ಲಿಯೂ ಅಡಿಗೆಯ ಮನೆಯಲ್ಲಿಯೂ ದೊರೆಯುತ್ತದೆ.

ಮೊದಲು ಆ ದೋಣಿಗಳು ಇಲ್ಲಿಗೆ ಬಂದ ಬಗೆಯನ್ನು ಹೇಳೋಣ. 1940ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸರ್ ಮಿರ್ಜಾ ಇಸ್ಮಾಯಿಲ್ಲರು ಆಗ ಮೈಸೂರಿನ ದಿವಾನರು. ಅಮೆರಿಕದ ವಿಲಿಯಮ್ ಪಾಲಿ ಎಂಬವರು ಯಂತ್ರಗಳನ್ನೂ ತಜ್ಞರನ್ನೂ ಒದಗಿಸಿದರು. 1941ರಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ಮರುವರ್ಷ ಆಡಳಿತವನ್ನು ತಾನೇ ವಹಿಸಿಕೊಂಡಿತು. 1943ರಲ್ಲಿ ಕಾರ್ಖಾನೆಯು ಅಮೆರಿಕದ ಸೈನ್ಯದ ವಿಮಾನಪಡೆಯ ಕೈಗೆ ಬಂದಿತು. ಬರ್ಮಾ ಮತ್ತು ಚೀನಾದ ರಣರಂಗಗಳಲ್ಲಿ ದುಡಿದು ಜೀರ್ಣವಾದ ವಿಮಾನಗಳನ್ನು ಬಿಚ್ಚಿ, ತೊಳೆದು, ಸವೆದುದನ್ನು ಬದಲಾಯಿಸಿ, ಮತ್ತೆ ಜೋಡಿಸಿ ಕಳುಹಿಸುವುದು ಆಗ ಇಲ್ಲಿಯ ಮುಖ್ಯ ಕೆಲಸವಾಯಿತು. ಈ ಸಂಸ್ಥೆಯೇ 1964ರಿಂದೀಚೆಗೆ ಹಿಂದೂಸ್ಥಾನ್ ಏರೋನಾಟಿಕ್ಸ್ ಎಂಬ ಹೆಸರಿನಿಂದ ನಮಗೆಲ್ಲ ಪರಿಚಿತವಾಗಿದೆ.

ದುರಸ್ತಿಗೆ ಬಂದ ವಿಮಾನಗಳಲ್ಲಿ ಕ್ಯಾಟಲಿನಾಗಳೂ ಇದ್ದುವು. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿಯ ಈ ವಿಮಾನದ ಮೊದಲ ಮಾದರಿ ಹಾರಿದ್ದು 1935ರಲ್ಲಿ. ಇದರ ಒಡಲು ಲೋಹದ ತಗಡಿನ ದೋಣಿ. ಆ ದೋಣಿಯ ಮೇಲೆ ಒಂದು ಕಂಬ. ಕಂಬದ ಮೇಲೆ 104 ಅಡಿ ಚಾಚಿದ ರೆಕ್ಕೆ. ರೆಕ್ಕೆಯ ಮುಂದೆ ತಲಾ 1,200 ಅಶ್ವಶಕ್ತಿಯ ಎರಡು ಎಂಜಿನ್ನುಗಳು. ಹೊರೆ ತುಂಬಿದಾಗ ಇದರ ತೂಕ ಸುಮಾರು 16 ಟನ್. ಬೆಳೆದ ನಾಲ್ಕು ಆನೆಗಳನ್ನು ಒಟ್ಟಿಗೆ ತೂಗಿದರೆ ಹೆಚ್ಚು ಕಡಿಮೆ ಇಷ್ಟಾದೀತು. ವೇಗ ಕಡಮೆ; ಆದರೆ ಹಗಲಿರುಳೆನ್ನದೆ ಗಂಟೆಗಟ್ಟಲೆ ಕಡಲಿನ ಮೇಲೆ ಸುತ್ತುವ ತಾಳ್ಮೆ ಅದಕ್ಕಿತ್ತು. 1942ನೆಯ ಏಪ್ರಿಲ್ 4ರಂದು ಸಿಂಹಳದ ಕಡೆಗೆ ಬರುತ್ತಿದ್ದ ಜಪಾನಿನ ನೌಕಾಬಲವನ್ನು ಮೊದಲು ಕಂಡು ತಂತಿಯಿಲ್ಲದ ತಂತಿಯಲ್ಲಿ ಸುದ್ದಿ ಕೊಟ್ಟದ್ದು ಒಂದು ಕ್ಯಾಟಲಿನಾ. ಮದರಾಸಿನ ಬಳಿಯ ರೆಡ್ ಹಿಲ್ಸ್ ಕೆರೆಯೂ ಆ ಕಾಲದಲ್ಲಿ ಇಂತಹ ವಿಮಾನಗಳಿಗೆ ನೆಲೆಯಾಗಿತ್ತು.

ಕ್ಯಾಟಲಿನಾದಲ್ಲಿ ಎರಡು ಜಾತಿ. ಒಂದಕ್ಕೆ ಒಳಗೆ ಮಡಿಸಿಕೊಳ್ಳುವ ಗಾಲಿಗಳಿದ್ದು, ಅದು ನೆಲದ ಮೇಲೂ ಇಳಿಯಬಲ್ಲುದು. ಮತ್ತೊಂದಕ್ಕೆ ನೀರೇ ಗತಿ. ಇದನ್ನು ದಡಕ್ಕೆ ತರಬೇಕಾದರೆ ಜನರು ನೀರಿಗಿಳಿದು, ದೋಣಿಯ ಪಕ್ಕಗಳಿಗೂ ಹಿಂಭಾಗಕ್ಕೂ ಬೇರೆ ಗಾಲಿಗಳನ್ನು ಕಟ್ಟಿ, ಇಳಿಜಾರಿನ ಮೇಲೆ ಎಳೆದುಕೊಳ್ಳಬೇಕು. ಆದುದರಿಂದ ಕಾರ್ಖಾನೆಯ ಹತ್ತಿರ ವಿಸ್ತಾರವಾದ ನೀರು ಬೇಕಾಯಿತು. ಕಾರ್ಖಾನೆಯ ದಕ್ಷಿಣಕ್ಕೆ, ಯಮಲೂರಿನ ಆಚೆ, ಪಶ್ಚಿಮದಿಂದ ಪೂರ್ವಕ್ಕೆ ಮೂರೂವರೆ ಕಿಲೋಮೀಟರಿನಷ್ಟು ಚಾಚಿಕೊಂಡಿದ್ದ ಬೆಳ್ಳಂದೂರು ಕೆರೆ ಕೈಯಳತೆಯಲ್ಲಿಯೇ ಇತ್ತು. ರೈತರ ಗದ್ದೆಗಳಿಗಾಗಿ ಕಟ್ಟಿದ ಏರಿಯು ಹೀಗೆ ಜಗತ್ತಿನ ಯುದ್ಧವೊಂದರ ಕೆಲಸಕ್ಕೂ ಒದಗಿತು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ನೀರಿನ ಮೇಲೆ ನಿಂತ ದೋಣಿಯನ್ನು ಹೊರುವುದು ಯಾವುದು? ಅದು ತನ್ನ ಒಡಲಿನಿಂದ ಪಕ್ಕಕ್ಕೆ ಸರಿಸಿದ ನೀರು. 16 ಟನ್ ದೋಣಿಯು 16 ಟನ್ ನೀರಿನ ಸ್ಥಳವನ್ನು ಆಕ್ರಮಿಸಿಕೊಂಡು ತೇಲುತ್ತದೆ. ನಮ್ಮ ಹೊಳೆಗಳ ಹರಿಗೋಲು ಕಡೆಯತನಕ ಈ ಒಂದು ನಿಯಮದಲ್ಲಿಯೇ ಬಾಳುತ್ತದೆ. ಅಂಬಿಗನು ಎಷ್ಟೇ ಬಲವಾಗಿ ಹುಟ್ಟು ಹಾಕಿದರೂ ಅದು ನೀರಿನೊಳಗೇ ನಡೆಯುವುದಲ್ಲದೆ, ನೀರಿನ ಮೇಲಕ್ಕೆ ಬರುವುದಿಲ್ಲ.

ಆದರೆ ಹೊರುವುದಕ್ಕೆ ಇನ್ನೊಂದು ಬಗೆಯೂ ಉಂಟು. ಚಪ್ಪಟೆಯಾದ ಬಿಲ್ಲೆಕಲ್ಲನ್ನು ಕೆರೆಯ ಮೇಲೆ ಓರೆಯಾಗಿ ಬೀಸಿದರೆ ಅದು ನಾಲ್ಕಾರು ಸಲ ಪುಟಿದು ಹೋಗುವುದನ್ನು ನೋಡದ ಮಕ್ಕಳಿಲ್ಲ. ಕಲ್ಲು ತೇಲುವ ವಸ್ತುವಲ್ಲ. ಅದು ಓರೆಯಾಗಿ ಬಂದು ನೀರನ್ನು ಕೆಳಕ್ಕೆ ತಳ್ಳುತ್ತದೆ. ಹಾಗೆ ತಳ್ಳಿಸಿಕೊಂಡ ನೀರು ಕಲ್ಲನ್ನು ಮೇಲಕ್ಕೆ ಒತ್ತುತ್ತದೆ. ಕಾಲುವೆಯ ಹರಿವಿನಲ್ಲಿ ಅಂಗೈಯನ್ನು ಸ್ವಲ್ಪ ಓರೆಯಾಗಿ ಹಿಡಿದು ನೋಡಿದರೆ ಈ ಒತ್ತು ಕೈಗೇ ತಿಳಿಯುತ್ತದೆ. ವೇಗವು ಎರಡರಷ್ಟಾದರೆ ಒತ್ತು ನಾಲ್ಕರಷ್ಟಾಗುವುದು ಇದರ ಲಕ್ಷಣ. ಹೀಗೆ ವೇಗವಾಗಿ ಓಡುವ ದೋಣಿಯನ್ನು ಅದರ ತಳದ ಈ ಒತ್ತೇ ಎತ್ತಿ ಹಿಡಿದಾಗ, ಅದು ನೀರಿನೊಳಗೆ ಈಜುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ.

ಈಜುವ ಸ್ಥಿತಿಗೂ ಜಾರುವ ಸ್ಥಿತಿಗೂ ನಡುವೆ ಒಂದು ಗುಡ್ಡವಿದೆ. ಎಲ್ಲ ತೊಂದರೆಯೂ ಅಲ್ಲಿಯೇ. ಓಡುವ ದೋಣಿಯು ತನ್ನ ಮುಂದೆ ಒಂದು ಅಲೆಯನ್ನು ಎಬ್ಬಿಸುತ್ತದಷ್ಟೆ. ವೇಗ ಹೆಚ್ಚಿದಂತೆಲ್ಲ ಆ ಅಲೆಯ ಉದ್ದವೂ ಹೆಚ್ಚುತ್ತದೆ. 12 ಮೀಟರ್ ಉದ್ದದ ದೋಣಿಯೊಂದು ಗಂಟೆಗೆ ಸುಮಾರು ಹದಿನೈದೂವರೆ ಕಿಲೋಮೀಟರ್ ವೇಗವನ್ನು ಮುಟ್ಟಿದಾಗ ಅಲೆಯ ಉದ್ದವೂ 12 ಮೀಟರ್ ಆಗುತ್ತದೆ: ಮೂತಿಯ ಕೆಳಗೆ ಒಂದು ಏರು, ಹಿಂಭಾಗದ ಕೆಳಗೆ ಇನ್ನೊಂದು ಏರು. ಇದಕ್ಕಿಂತ ವೇಗ ಹೆಚ್ಚಿತೆಂದರೆ ಹಿಂದಿನ ಏರು ದೋಣಿಯನ್ನು ಬಿಟ್ಟು ಹಿಂದೆ ಸರಿಯುತ್ತದೆ; ಹಿಂಭಾಗವು ತಗ್ಗಿಗೆ ಕುಸಿಯುತ್ತದೆ; ಮೂತಿಯು ಆಕಾಶವನ್ನು ನೋಡುತ್ತದೆ. ಆಗ ದೋಣಿಯು ತಾನೇ ಮಾಡಿದ ಗುಡ್ಡವನ್ನು ತಾನೇ ಹತ್ತಬೇಕಾಗುತ್ತದೆ. ಗುಡ್ಡವಾದರೋ ಅದರ ಮುಂದೆ ಮುಂದೆಯೇ ಓಡುತ್ತಿರುತ್ತದೆ.

ಅಲೆಗಳನ್ನು ಹೀಗೆ ಅಳೆದು ಲೆಕ್ಕಕ್ಕೆ ತಂದವನು ಇಂಗ್ಲೆಂಡಿನ ವಿಲಿಯಮ್ ಫ್ರೂಡ್. 1870ರ ದಶಕದಲ್ಲಿ ಅವನು ಉದ್ದನೆಯ ತೊಟ್ಟಿಯೊಂದನ್ನು ಕಟ್ಟಿಸಿ, ಅದರಲ್ಲಿ ಚಿಕ್ಕ ಮಾದರಿಗಳನ್ನು ಎಳೆದು, ನೀರಿನ ತಡೆಯನ್ನು ತೂಗಿದನು. ವೇಗವನ್ನು ಅಡ್ಡಗೆರೆಯ ಮೇಲೂ ತಡೆಯನ್ನು ನೆಟ್ಟಗೆರೆಯ ಮೇಲೂ ಗುರುತಿಸಿ, ಜಾರುವ ದೋಣಿಯ ರೇಖೆಯನ್ನು ಎಳೆದರೆ ಅದು ಮೊದಲು ಏರಿ, ನಡುವೆ ಎತ್ತಿನ ಹಿಣಿಲಿನಂತೆ ಉಬ್ಬಿ, ಆಮೇಲೆ ಸ್ವಲ್ಪ ಇಳಿಯುತ್ತದೆ. ಯಂತ್ರಶಾಸ್ತ್ರಜ್ಞರು ಈ ಉಬ್ಬನ್ನು ಡುಬ್ಬವೆಂದೇ ಕರೆಯುತ್ತಾರೆ. ಹಾರುವ ದೋಣಿಗಳಲ್ಲಿ ಡುಬ್ಬದ ಮೇಲಿನ ತಡೆಯು ಸಾಮಾನ್ಯವಾಗಿ ದೋಣಿಯ ತೂಕದ ಐದನೆಯ ಒಂದು ಪಾಲಿನಷ್ಟಿರುತ್ತದೆ. ಅದೇ ವಿಮಾನವು ಗಾಳಿಯಲ್ಲಿ ನೆಟ್ಟಗೆ ಹಾರುವಾಗ ಅದರ ಅರ್ಧದಷ್ಟು ಎಳೆತವೂ ಬೇಕಾಗಿಲ್ಲ. ಹಾರುವುದಕ್ಕೆ ಬೇಕಾದ ಬಲಕ್ಕಿಂತ, ಹಾರುವ ಸ್ಥಿತಿಗೆ ಬರುವುದಕ್ಕೆ ಬೇಕಾದ ಬಲವೇ ಹೆಚ್ಚೆಂದಾಯಿತು.

ಗಾಡಿಯನ್ನು ದಿಣ್ಣೆ ಹತ್ತಿಸುವ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ದಿಣ್ಣೆಯ ನಡುವೆ ಎತ್ತುಗಳಿಗೆ ವಿಶ್ರಾಂತಿ ಕೊಡಬೇಕೆಂದು ನಿಲ್ಲಿಸಿದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಮತ್ತೆ ಕೆಳಗಿನಿಂದಲೇ ಹೊರಡಬೇಕು. ಡುಬ್ಬದ ಅರ್ಧದಲ್ಲಿ ಎಂಜಿನ್ನಿನ ಶಕ್ತಿಯನ್ನು ಕಡಮೆ ಮಾಡಿದ ದೋಣಿಯ ಪಾಡೂ ಇದೇ. ಅದು ತಾನು ತೋಡಿದ ತಗ್ಗಿನಲ್ಲಿ ಮತ್ತೆ ಕುಸಿದು, ಈಜುವ ಹರಿಗೋಲಾಗುತ್ತದೆ.

ತಳದ ಆಕಾರದಲ್ಲಿಯೂ ಒಂದು ಉಪಾಯವಿದೆ. ಒದ್ದೆಯಾದ ತಟ್ಟೆಯೊಂದನ್ನು ಒದ್ದೆಯಾದ ಕಲ್ಲುಹಾಸಿನ ಮೇಲೆ ಕವುಚಿಟ್ಟು ಎತ್ತಿ ನೋಡಿ. ಅದು ಹಿಡಿದುಕೊಂಡಂತಾಗಿ ಬರುವುದಿಲ್ಲ. ಅಂಚಿನಲ್ಲಿ ಉಗುರು ತೂರಿಸಿ ಸ್ವಲ್ಪ ಗಾಳಿ ಬಿಟ್ಟರೆ ಥಟ್ಟನೆ ಬಿಡುತ್ತದೆ. ಉದ್ದಕ್ಕೂ ನುಣುಪಾಗಿ ಬಾಗಿದ ದೋಣಿಯ ತಳವೂ ನೀರಿಗೆ ಹೀಗೆಯೇ ಅಂಟಿಕೊಳ್ಳುತ್ತದೆ. 1912ರಲ್ಲಿ ಅಮೆರಿಕದ ಗ್ಲೆನ್ ಕರ್ಟಿಸನು ತನ್ನ ಹಾರುವ ದೋಣಿಯು ಎಷ್ಟು ಓಡಿದರೂ ನೀರನ್ನು ಬಿಡದಿರುವುದನ್ನು ಕಂಡು, ತಳದಲ್ಲಿ ಅಡ್ಡಲಾಗಿ ಒಂದು ಮೆಟ್ಟಿಲನ್ನು ಮಾಡಿಸಿದನು. ಮೆಟ್ಟಿಲಿನ ಹಿಂದೆ ಗಾಳಿ ನುಗ್ಗಿತು, ನೀರಿನ ಹಿಡಿತ ತಪ್ಪಿತು, ದೋಣಿ ಎದ್ದಿತು. ಈ ಮೆಟ್ಟಿಲಿನ ಯೋಚನೆ ಮೊದಲು ಬಂದದ್ದು 1872ರಲ್ಲಿ, ರಾಮಸ್ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬನಿಗೆ. ಫ್ರೂಡನು ಅದನ್ನು ಪರೀಕ್ಷಿಸಿ ನೋಡಿದನಾದರೂ, ಅಂದಿನ ಉಗಿಯಂತ್ರಗಳು ತಮ್ಮ ತೂಕವನ್ನೇ ಡುಬ್ಬ ಹತ್ತಿಸಲಾರದಷ್ಟು ಭಾರವಾಗಿದ್ದುವು. ಒಳ್ಳೆಯ ಯೋಚನೆಯೊಂದು ತಕ್ಕ ಎಂಜಿನ್ನಿಗಾಗಿ ನಲವತ್ತು ವರ್ಷ ಕಾಯಬೇಕಾಯಿತು. ಕ್ಯಾಟಲಿನಾದ ತಳದ ನಡುವೆ ಕಾಣುವ ಮೆಟ್ಟಿಲು ಈ ವಂಶಕ್ಕೆ ಸೇರಿದ್ದು. ವಿಮಾನವು ಜಾರತೊಡಗಿತೆಂಬುದನ್ನು ಚಾಲಕರು ಇಂದಿಗೂ ಮೆಟ್ಟಿಲಿನ ಮೇಲೆ ಬಂದಿತೆಂದೇ ಹೇಳುತ್ತಾರೆ.

ಈಗ ಬೆಳ್ಳಂದೂರು ಕೆರೆಯ ನಡುವೆ ಒಂದು ಕ್ಯಾಟಲಿನಾ ಹೊರಟು ನಿಂತಿದೆಯೆಂದು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ಮೊದಲು ಚಿಕ್ಕ ಮೋಟಾರು ದೋಣಿಯೊಂದು ಓಟದ ದಾರಿಯನ್ನು ನೋಡಿಬರುತ್ತದೆ. ತೇಲುವ ಮರದ ತುಂಡೊಂದು ತಳದ ತಗಡನ್ನು ಸೀಳಬಲ್ಲುದು. ಚಾಲಕನು ಗಾಳಿಗೆ ಎದುರಾಗಿ ಮೂತಿಯನ್ನು ತಿರುಗಿಸುತ್ತಾನೆ. ಎರಡು ಎಂಜಿನ್ನುಗಳಿಗೂ ಪೂರ್ಣಶಕ್ತಿ ಕೊಟ್ಟು, ಚಾಲನಚಕ್ರವನ್ನು ಎದೆಯವರೆಗೂ ಎಳೆದು ಹಿಡಿಯುತ್ತಾನೆ. ನೀರು ಎರಡು ಪಕ್ಕಗಳಲ್ಲಿಯೂ ಬಿಳಿಯ ಗೋಡೆಯಂತೆ ಏಳುತ್ತದೆ. ಗಾಜುಗಳ ಮೇಲೆ ಸುರಿದು ಮುಂದಿನ ದಾರಿಯೇ ಕಾಣದಂತಾಗುತ್ತದೆ. ಮೂತಿ ಏರುತ್ತದೆ, ವೇಗವು ನಿಂತೇಹೋಯಿತೇನೋ ಎನ್ನಿಸುತ್ತದೆ. ಇದೇ ಡುಬ್ಬ. ಏಳುವ ವೇಗದ ಅರ್ಧಕ್ಕೆ ಸ್ವಲ್ಪ ಕಡಮೆಯಾದ ವೇಗದಲ್ಲಿ ಇದು ಎದುರಾಗುತ್ತದೆ. ರೆಕ್ಕೆಯ ಎತ್ತುವ ಶಕ್ತಿಯೂ ವೇಗದ ವರ್ಗವನ್ನೇ ಅನುಸರಿಸುವುದರಿಂದ, ಅರ್ಧ ವೇಗದಲ್ಲಿ ಅದು ತೂಕದ ಕಾಲುಪಾಲನ್ನು ಮಾತ್ರ ಹೊತ್ತೀತು. ಉಳಿದ ಮುಕ್ಕಾಲು ಪಾಲು ನೀರಿನ ಮೇಲೆಯೇ ಇರುತ್ತದೆ.

ಚಾಲಕನು ಶಕ್ತಿಯನ್ನು ತಗ್ಗಿಸದೆ ಕಾಯುತ್ತಾನೆ. ಕೆಲವು ಸೆಕೆಂಡುಗಳಲ್ಲಿ ಹಿಂಭಾಗವು ಎದ್ದು, ಮೂತಿ ತಾನಾಗಿ ಬಾಗುತ್ತದೆ, ನೀರಿನ ಗೋಡೆಯು ರೆಕ್ಕೆಯ ಹಿಂದಕ್ಕೆ ಸರಿಯುತ್ತದೆ, ದಾರಿ ಕಾಣಿಸುತ್ತದೆ. ಈಗ ಚಕ್ರವನ್ನು ಸ್ವಲ್ಪ ಮುಂದಕ್ಕೆ ಬಿಟ್ಟು ದೋಣಿಯನ್ನು ಮೆಟ್ಟಿಲಿನ ಮೇಲೆ ಸಮವಾಗಿ ನಿಲ್ಲಿಸಬೇಕು. ಇಲ್ಲಿಯೂ ಒಂದು ಗಂಡಾಂತರವಿದೆ. ಮೂತಿ ತೀರ ತಗ್ಗಿದರೂ ತೀರ ಏರಿದರೂ ದೋಣಿಯು ಡಾಲ್ಫಿನ್ನಿನಂತೆ ಮೇಲೆ ಕೆಳಗೆ ಕುಪ್ಪಳಿಸತೊಡಗುತ್ತದೆ. ಒಂದೊಂದು ಕುಪ್ಪಳಿಕೆಯೂ ಹಿಂದಿನದಕ್ಕಿಂತ ದೊಡ್ಡದಾಗಿ, ಕಡೆಗೆ ಮೂತಿ ನೀರಿಗೆ ನಾಟಿಕೊಳ್ಳಬಹುದು. ಎರಡು ಮೇರೆಗಳ ನಡುವಣ ಕೆಲವೇ ಡಿಗ್ರಿಗಳ ಸಂದಿಯಲ್ಲಿ ಅದನ್ನು ನಡೆಸುವುದೇ ಕೈಚಳಕ. ಹೊರೆಯನ್ನನುಸರಿಸಿ ಗಂಟೆಗೆ 110ರಿಂದ 130 ಕಿಲೋಮೀಟರ್ ವೇಗದ ಆಸುಪಾಸಿನಲ್ಲಿ ನೀರಿನ ಸದ್ದು ನಿಲ್ಲುತ್ತದೆ. ದೋಣಿಯು ವಿಮಾನವಾಗುತ್ತದೆ.

ಬೆಂಗಳೂರಿನ ಎತ್ತರವು ಈ ಕೆಲಸಕ್ಕೆ ಸ್ವಲ್ಪ ಪ್ರತಿಕೂಲವೇ. 900 ಮೀಟರ್ ಎತ್ತರದಲ್ಲಿ ಗಾಳಿಯು ಸಮುದ್ರಮಟ್ಟದ ಗಾಳಿಗಿಂತ ನೂರಕ್ಕೆ ಎಂಟರಷ್ಟು ತೆಳುವಾಗಿರುವುದರಿಂದ, ಅಷ್ಟೇ ತೂಕವನ್ನು ಎತ್ತಬೇಕಾದರೆ ನೂರಕ್ಕೆ ನಾಲ್ಕೈದರಷ್ಟು ಹೆಚ್ಚಿನ ವೇಗ ಬೇಕು. ಸಿಹಿನೀರು ಉಪ್ಪುನೀರಿಗಿಂತ ಹಗುರ. ಆದುದರಿಂದ ದೋಣಿಯು ಕಡಲಿನಲ್ಲಿ ಮುಳುಗುವುದಕ್ಕಿಂತ ಇಲ್ಲಿ ತುಸು ಹೆಚ್ಚಾಗಿಯೇ ಮುಳುಗಿರುತ್ತದೆ. ಬೆಳಗಿನ ತಂಪುಗಾಳಿ ದಟ್ಟವಾಗಿರುವುದರಿಂದ ರೆಕ್ಕೆಗೆ ಹಿತ. ಆದರೆ ಆಗ ಕೆರೆಯು ಕನ್ನಡಿಯಂತೆ ನಿಶ್ಚಲವಾಗಿದ್ದು ತಳವನ್ನು ಬಿಗಿಯಾಗಿ ಹಿಡಿಯುತ್ತದೆ. ಮಧ್ಯಾಹ್ನದ ಎದುರುಗಾಳಿಯೂ ಕಿರಿಯ ಅಲೆಗಳೂ ತಳವನ್ನು ಬಿಡಿಸಲು ಸಹಾಯಕ. ಆದರೆ ಬಿಸಿಲಿಗೆ ಗಾಳಿ ತೆಳುವಾಗಿರುತ್ತದೆ. ನೀರು ತೀರ ನಿಶ್ಚಲವಾಗಿದ್ದರೆ ಮೋಟಾರು ದೋಣಿಯಿಂದ ಅದನ್ನು ಕದಡಿಸಿ, ಆ ಕದಡಿದ ನೀರಿನ ಮೇಲೆ ಓಡುವುದು ಹಾರುವ ದೋಣಿಯವರ ಹಳೆಯ ರೂಢಿ.

ಓಟಕ್ಕೆ ಎಷ್ಟು ನೀರು ಬೇಕೆಂಬುದಕ್ಕೆ ಒಂದು ಸುಲಭವಾದ ಲೆಕ್ಕ ಹಾಕೋಣ. ನಿಂತ ನೀರಿನಿಂದ 130 ಕಿಲೋಮೀಟರ್ ವೇಗಕ್ಕೆ ಏರಲು 40 ಸೆಕೆಂಡು ಹಿಡಿಯಿತೆಂದರೆ, ದೋಣಿಯು ಅಷ್ಟರಲ್ಲಿ ಮುಕ್ಕಾಲು ಕಿಲೋಮೀಟರಿನಷ್ಟು ದೂರ ಓಡಿರುತ್ತದೆ. ಒಂದು ನಿಮಿಷ ಹಿಡಿದರೆ ಒಂದು ಕಿಲೋಮೀಟರಿಗೂ ಮೀರುತ್ತದೆ. ಆಮೇಲೆ ಏರಿಯನ್ನೂ ಮರಗಳನ್ನೂ ದಾಟುವಷ್ಟು ಎತ್ತರವನ್ನು ಗಳಿಸಬೇಕು; ಏನಾದರೂ ತಪ್ಪಿದರೆ ಮತ್ತೆ ನೀರಿಗಿಳಿದು ನಿಲ್ಲುವಷ್ಟು ದಾರಿ ಮುಂದೆ ಉಳಿದಿರಬೇಕು. ಬೆಳ್ಳಂದೂರಿನ ಉದ್ದವು ಇದಕ್ಕೆಲ್ಲ ಸಾಕಾಗಿತ್ತು. ಕಿರಿಯ ಕೆರೆಯೊಂದರಲ್ಲಿ ಇಳಿದ ಹಾರುವ ದೋಣಿಗೆ ಡುಬ್ಬ ದಾಟುವಷ್ಟರಲ್ಲಿಯೇ ದಂಡೆ ಎದುರಾದೀತು.

ಈ ಡುಬ್ಬವು ಯುದ್ಧಕಾಲದೊಂದಿಗೆ ಮುಗಿದ ಮಾತಲ್ಲ. ಇಂದಿನ ವೇಗದ ಮೋಟಾರು ದೋಣಿಗಳಿಗೂ ಅದು ತಪ್ಪಿದ್ದಲ್ಲ. ಅವುಗಳಲ್ಲಿ ಒಂದು ಜಾತಿಗಂತೂ ಅದು ಇನ್ನೂ ಕಠಿನ. ಸಾಮಾನ್ಯವಾದ ದೋಣಿಯ ಪ್ರೊಪೆಲರ್ ನೀರಿನೊಳಗೆ ಪೂರ್ತಿ ಮುಳುಗಿ ತಿರುಗುತ್ತದಷ್ಟೆ. ತುಂಬ ವೇಗವಾಗಿ ಓಡುವಾಗ ಅದರ ದಂಡವೂ ಆಧಾರಗಳೂ ನೀರನ್ನು ಸೀಳಿ ತಡೆಯನ್ನು ಹೆಚ್ಚಿಸುತ್ತವೆ. ಆದುದರಿಂದ ಪ್ರೊಪೆಲರನ್ನು ದೋಣಿಯ ಹಿಂಗೋಡೆಯಿಂದಾಚೆಗೆ ಚಾಚಿಸಿ, ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗುವಂತೆ ಇಡುವ ಏರ್ಪಾಡೊಂದು ಹುಟ್ಟಿತು. ಆಲ್ಬರ್ಟ್ ಹಿಕ್‌ಮನ್ ಎಂಬವನು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿಯೇ ಇದನ್ನು ಪ್ರಯೋಗಿಸಿದ್ದನು. ಕ್ಯಾಲಿಫೋರ್ನಿಯದ ಹೊವರ್ಡ್ ಆರ್ನೆಸನ್ 1980ರ ಸುಮಾರಿಗೆ ಇದಕ್ಕೆ ಇಂದಿನ ರೂಪ ಕೊಟ್ಟನು. ಅಲಗುಗಳು ನೀರಿನ ಮೇಲ್ಮೈಯನ್ನು ಕೊಯ್ಯುತ್ತ, ಹೋಗುವಾಗ ಗಾಳಿಯನ್ನೂ ಜೊತೆಗೆ ಕೊಂಡೊಯ್ಯುತ್ತವೆ. ಜಾರುತ್ತಿರುವ ದೋಣಿಗೆ ಇದಕ್ಕಿಂತ ಹಗುರವಾದ ವ್ಯವಸ್ಥೆಯಿಲ್ಲ.

ಆದರೆ ಹೊರಡುವಾಗ ಇದೇ ಗುಣವು ದೋಷವಾಗುತ್ತದೆ. ನಿಂತ ದೋಣಿಯ ಹಿಂಭಾಗವು ನೀರಿನಲ್ಲಿ ಕುಳಿತಿರುವುದರಿಂದ ಅರ್ಧ ಮಾತ್ರ ಮುಳುಗಬೇಕಾದ ಪ್ರೊಪೆಲರ್ ಪೂರ್ತಿ ಮುಳುಗಿರುತ್ತದೆ. ಹೆಚ್ಚಿನ ವೇಗಕ್ಕಾಗಿ ರೂಪಿಸಿದ ಅದರ ಅಲಗುಗಳು ಒಂದೊಂದು ಸುತ್ತಿಗೂ ಎಂಜಿನ್ನು ತಡೆಯಲಾರದಷ್ಟು ನೀರನ್ನು ತಳ್ಳಲೆಳಸುತ್ತವೆ. ಡೀಸೆಲ್ ಎಂಜಿನ್ನು ವೇಗವಾಗಿ ತಿರುಗಿದ ಹೊರತು ತನಗೆ ಬೇಕಾದ ಗಾಳಿಯನ್ನು ಒಳಕ್ಕೆ ತುಂಬಿಕೊಳ್ಳದು; ಗಾಳಿ ತುಂಬಿದ ಹೊರತು ವೇಗವಾಗಿ ತಿರುಗದು. ಭಾರವಾದ ದೋಣಿಯು ಹೀಗೆ ಡುಬ್ಬದ ಬುಡದಲ್ಲಿಯೇ ಏದುತ್ತ, ಹೊಗೆ ಉಗುಳುತ್ತ ನಿಂತುಬಿಡುವುದುಂಟು.

ಪರಿಹಾರಗಳು ಕೆಲವಿವೆ. ಕೊಳವೆಯೊಂದರ ಮೂಲಕ ಪ್ರೊಪೆಲರಿನ ಬಳಿಗೆ ಗಾಳಿಯನ್ನು ಬಿಟ್ಟರೆ ಅದರ ಹಿಡಿತ ಸ್ವಲ್ಪ ಸಡಿಲವಾಗಿ, ಎಂಜಿನ್ನು ಸುತ್ತುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಹಿಂಗೋಡೆಯ ಕೆಳಗೆ ಕೀಲಿಟ್ಟು ಜೋಡಿಸಿದ ಲೋಹದ ಹಲಗೆಗಳನ್ನು ಕೆಳಕ್ಕೆ ಬಾಗಿಸಿದರೆ ನೀರು ಹಿಂಭಾಗವನ್ನು ಮೇಲಕ್ಕೆತ್ತುತ್ತದೆ; ಮೂತಿ ಬಾಗುತ್ತದೆ. ಜನರನ್ನೂ ಸಾಮಾನನ್ನೂ ಮುಂದಕ್ಕೆ ಸರಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಒಮ್ಮೆ ಡುಬ್ಬ ದಾಟಿತೆಂದರೆ ಹಿಂಭಾಗ ಎದ್ದು, ಪ್ರೊಪೆಲರಿನ ಮೇಲರ್ಧ ಗಾಳಿಗೆ ಬಂದು, ಎಂಜಿನ್ನಿನ ಹೊರೆ ಇಳಿಯುತ್ತದೆ. ಆಗ ಗಾಳಿಯನ್ನು ಕಟ್ಟಬಹುದು, ಹಲಗೆಗಳನ್ನು ಮೇಲಕ್ಕೆತ್ತಬಹುದು. ಕ್ಯಾಟಲಿನಾದ ಪ್ರೊಪೆಲರುಗಳು ಗಾಳಿಯಲ್ಲಿಯೇ ತಿರುಗುತ್ತಿದ್ದುದರಿಂದ ಅದಕ್ಕೆ ಈ ತೊಡಕಿರಲಿಲ್ಲ. ಆದರೆ ತೂಕವನ್ನು ಮಿತಿಯಲ್ಲಿಡುವುದು, ಅದನ್ನು ತಕ್ಕ ಸ್ಥಳದಲ್ಲಿಡುವುದು, ತಳಕ್ಕೆ ಗಾಳಿ ಕೊಡುವುದು, ನಡುವೆ ಶಕ್ತಿ ತಗ್ಗಿಸದಿರುವುದು, ಈ ನಾಲ್ಕು ಸೂತ್ರಗಳು ಎರಡಕ್ಕೂ ಸಮಾನ.

ಯುದ್ಧ ಮುಗಿದ ಮೇಲೆ ಕಾರ್ಖಾನೆಯು ಅಮೆರಿಕದವರ ಕೈಯಿಂದ ಹಿಂದಿರುಗಿತು. ಗಟ್ಟಿನೆಲದ ಉದ್ದನೆಯ ಓಟದ ದಾರಿಗಳು ಎಲ್ಲೆಲ್ಲಿಯೂ ಆದುವು. ಹಾರುವ ದೋಣಿಗಳ ಕಾಲ ಕಳೆಯಿತು. 1942ರ ಕೊನೆಯಲ್ಲಿ ತಾತಾ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗವನ್ನು ಆರಂಭಿಸಿದ ವಿ. ಎಂ. ಘಾಟಗೆಯವರು ಹಿಂದೂಸ್ಥಾನ್ ಏರ್‌ಕ್ರಾಫ್ಟನ್ನು ಸೇರಿ ರೂಪಿಸಿದ ಎಚ್‌ಟಿ-2 ಎಂಬ ವಿಮಾನವು 1951ರಲ್ಲಿ ಬೆಂಗಳೂರಿನ ಆಕಾಶದಲ್ಲಿ ಹಾರಿತು. ದುರಸ್ತಿಯ ಶಾಲೆಯಲ್ಲಿ ಪಳಗಿದ ಊರು ರಚನೆಗೂ ಕೈಹಾಕಿತು. ಕೆರೆಯು ಮತ್ತೆ ಗದ್ದೆಗಳದೂ ಮೀನುಗಾರರದೂ ಆಯಿತು.

ಆಮೇಲಿನ ಕಥೆಯನ್ನು ವಾಚಕರು ಬಲ್ಲರು. ಊರು ಪೂರ್ವಕ್ಕೆ ಬೆಳೆದು ಬೆಳ್ಳಂದೂರನ್ನು ಸುತ್ತುವರಿಯಿತು. ವೈಟ್‌ಫೀಲ್ಡಿಗೂ ಎಲೆಕ್ಟ್ರಾನಿಕ್ ಸಿಟಿಗೂ ಹೋಗುವ ಹೊರವರ್ತುಲ ರಸ್ತೆಯು ಕೆರೆಯ ಪಕ್ಕದಲ್ಲಿಯೇ ಹಾದುಹೋಯಿತು. ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಸಾಲುಸಾಲಾಗಿ ಎದ್ದುವು. ಮನೆಮನೆಯ ಬಚ್ಚಲಿನ ನೀರೂ ಕಾರ್ಖಾನೆಗಳ ಕೊಳೆಯೂ ಶುದ್ಧಿಯಾಗದೆ ರಾಜಕಾಲುವೆಗಳಲ್ಲಿ ಹರಿದು ಕೆರೆಗೆ ಸೇರಿದುವು. ಬಟ್ಟೆ ತೊಳೆಯುವ ಪುಡಿಯ ಅಂಶದಿಂದ ಆಳೆತ್ತರದ ನೊರೆ ಎದ್ದು ರಸ್ತೆಯ ಮೇಲೆ ಹಾರಿತು. 2015ರ ಮೇ ತಿಂಗಳಲ್ಲಿಯೂ 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ನೀರು ನಂದಿಸಬೇಕಾದ ವಸ್ತು ನೀರಿನ ನೆಲೆಯಲ್ಲಿಯೇ ಉರಿದ ಸುದ್ದಿ ಪರದೇಶಗಳ ಪತ್ರಿಕೆಗಳಿಗೂ ಮುಟ್ಟಿತು. ಇಲ್ಲಿಂದ ಹೊರಟ ನೀರು ವರ್ತೂರು ಕೆರೆಯ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುವುದರಿಂದ, ನಮ್ಮ ಬಚ್ಚಲಿನ ಫಲವನ್ನು ಕೆಳಗಿನ ಊರುಗಳವರೂ ಉಣ್ಣಬೇಕಾಯಿತು.

ಒಂದು ಕಾಲಕ್ಕೆ 16 ಟನ್ ಭಾರದ ದೋಣಿಯನ್ನು ಎತ್ತಿ ಆಕಾಶಕ್ಕೊಪ್ಪಿಸುವಷ್ಟು ಉದ್ದವೂ ಶುದ್ಧಿಯೂ ಇದ್ದ ನೀರು ಅದು. ಹೂಳು ಮತ್ತು ಜೊಂಡು ತುಂಬಿದ ನೀರಿನಲ್ಲಿ ಯಾವ ದೋಣಿಯೂ ಜಾರಲಾರದು. ರಾಷ್ಟ್ರೀಯ ಹಸಿರು ನ್ಯಾಯಪೀಠವು ಮಧ್ಯೆ ಬಂದ ತರುವಾಯ, ಕೊಳೆನೀರನ್ನು ಬೇರೆಡೆಗೆ ತಿರುಗಿಸಿ ಹೂಳೆತ್ತುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿದೆ. ಹೂಳೆತ್ತಿದ ಮಾತ್ರಕ್ಕೆ ಕೆರೆ ಬದುಕಲಾರದು. ಮೇಲಿನಿಂದ ಬರುವ ಕೊಳೆನೀರು ಶುದ್ಧಿಯಾಗಿ ಬರದಿದ್ದರೆ ತೋಡಿದ ಹಳ್ಳ ಮತ್ತೆ ಹೂಳಿನಿಂದಲೇ ತುಂಬೀತು. ಖರ್ಚು ಎಲ್ಲಕ್ಕಿಂತ ಹೆಚ್ಚಾಗಿ, ಫಲವು ಇನ್ನೂ ಕಣ್ಣಿಗೆ ಕಾಣದಿರುವ ಈ ನಡುಗಾಲವೇ ಅದರ ಡುಬ್ಬವೆಂದು ನಮಗೆ ತೋರುತ್ತದೆ.

ಹಾರುವ ದೋಣಿಯ ಚಾಲಕನಿಗೆ ಆ ಗಳಿಗೆಯಲ್ಲಿ ಕಾಣುತ್ತಿದ್ದುದು ಗಾಜಿನ ಮೇಲೆ ಸುರಿಯುವ ನೀರು ಮಾತ್ರ. ಎಂಜಿನ್ನು ಗರ್ಜಿಸುತ್ತಿರುತ್ತದೆ, ವೇಗದ ಮುಳ್ಳು ಕದಲುವುದಿಲ್ಲ, ಪೆಟ್ರೋಲು ಸುರಿದುಹೋಗುತ್ತಿರುತ್ತದೆ. ಶಕ್ತಿಯನ್ನು ಇಳಿಸಿಬಿಡೋಣವೆಂಬ ಯೋಚನೆ ಬರುವುದು ಸಹಜ. ಇಳಿಸಿದರೆ ಅದುವರೆಗೆ ಸುರಿದ ಪೆಟ್ರೋಲೂ ವ್ಯರ್ಥ. ದೋಣಿಯೂ ಹೊರಟ ತಗ್ಗಿನಲ್ಲಿಯೇ. ಬೆಳ್ಳಂದೂರಿನ ಏರಿಯ ಮೇಲೆ ಹೋಗುವ ನಮ್ಮ ವಾಚಕರು, ಈಗ ಅಗೆದು ಹಾಕಿರುವ ಆ ಕೆಸರನ್ನು ನೋಡಿ ಮೂಗು ಮುಚ್ಚಿಕೊಳ್ಳುವಾಗ, ಈ ನೀರಿನ ಮೇಲಿಂದ ಒಂದು ದಿನ ದೋಣಿಗಳು ಎದ್ದಿದ್ದುವೆಂಬುದನ್ನು ಜೊತೆಯಲ್ಲಿರುವ ಮಕ್ಕಳಿಗೆ ಹೇಳಲಿ. ತಮ್ಮ ಮನೆಯ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆಂದು ಆ ಮಕ್ಕಳು ಕೇಳುವರು. ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡುವ ಹೊಣೆ ನಮ್ಮೆಲ್ಲರದು.